ಇ-ಸಿಗರೇಟ್ ಹಿಡಿದು ಸಿಗರೇಟ್ ಬಿಡಬಹುದಾ? ಅಧ್ಯಯನಗಳು ಏನು ಹೇಳುತ್ತವೆ?

ನಿಮ್ಮ ಪ್ರಶ್ನೆ ಇದು: ಅಣ್ಣ ಎಷ್ಟೋ ವರ್ಷಗಳಿಂದ ಸಿಗರೇಟ್ ಸೇದುತ್ತಿದ್ದಾರೆ. ಈಗ ಇ-ಸಿಗರೇಟ್‌ಗೆ ಬದಲಾಗಿ, ಆಮೇಲೆ ಅದನ್ನೂ ಬಿಡುತ್ತೇನೆ ಅನ್ನುತ್ತಿದ್ದಾರೆ. ಒಂದು ಅಧ್ಯಯನ ಇದು ಕೆಲಸ ಮಾಡುತ್ತೆ ಅಂದರೆ ಇನ್ನೊಂದು ಉಲ್ಟಾ ಹೇಳುತ್ತೆ. ಯಾವುದನ್ನು ನಂಬಬೇಕು?

ತಂಬಾಕು ಬಿಡಲು ಬರುವವರ ಜೊತೆ ಕೂತು ಮಾತಾಡುವುದು, ಅವರಿಗೆ ದಾರಿ ಹೇಳುವುದು ನನ್ನ ಕೆಲಸ. ಈ ಪ್ರಶ್ನೆ ಆಗಾಗ ಬರುತ್ತದೆ, ಅದೂ ಹೆಚ್ಚಾಗಿ ಮನೆಯವರಿಂದಲೇ. ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಹೌದು, ಇ-ಸಿಗರೇಟ್‌ನಿಂದ ಸಿಗರೇಟ್ ಬಿಟ್ಟವರಿದ್ದಾರೆ. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್, ಅಗಿಯುವ ನಿಕೋಟಿನ್ ಗಮ್‌ಗಳಿಗಿಂತ ಇದರಿಂದ ಬಿಟ್ಟವರು ಸ್ವಲ್ಪ ಜಾಸ್ತಿಯೇ. ಆದರೆ ಸಿಗರೇಟ್ ಪೂರ್ತಿ ನಿಂತರೆ ಮಾತ್ರ ಇದರ ಲಾಭ. ಅದೂ ಇರಲಿ, ಇದೂ ಇರಲಿ ಅಂದರೆ ಸಿಗುವುದು ಬಹಳ ಕಡಿಮೆ. ನೀವು ಓದಿದ ಗೊಂದಲದ ದೊಡ್ಡ ಪಾಲು ಹುಟ್ಟುವುದೂ ಇಲ್ಲೇ.

ಒಂದು ಅಧ್ಯಯನವನ್ನು ಹತ್ತಿರದಿಂದ ನೋಡೋಣ. 2019ರಲ್ಲಿ ಲಂಡನ್ನಿನ ಪೀಟರ್ ಹಾಯೆಕ್ ಮತ್ತು ಅವರ ತಂಡ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟಿಸಿದ್ದು. ಇಂಗ್ಲೆಂಡಿನಲ್ಲಿ ಸಿಗರೇಟ್ ಬಿಡಿಸಲೆಂದೇ ಇರುವ ಆರೋಗ್ಯ ಸೇವೆಗೆ ಬಂದ 886 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಪ್ಯಾಚ್, ಗಮ್, ಚೀಪುವ ಮಾತ್ರೆ ಮುಂತಾದವುಗಳಲ್ಲಿ ತಮಗೆ ಹಿಡಿಸಿದ್ದನ್ನು ಆರಿಸಿಕೊಳ್ಳಲು ಬಿಟ್ಟರು. ಬೇಕಿದ್ದರೆ ಎರಡನ್ನು ಸೇರಿಸಿಯೂ ಬಳಸಬಹುದಿತ್ತು. ಮೂರು ತಿಂಗಳವರೆಗೆ ಕೊಟ್ಟರು. ಇನ್ನೊಂದು ಗುಂಪಿಗೆ ಒಂದು ಇ-ಸಿಗರೇಟ್, ಜೊತೆಗೆ ಮಿಲಿಲೀಟರ್‌ಗೆ 18 ಮಿಲಿಗ್ರಾಂ ನಿಕೋಟಿನ್ ಇರುವ ಒಂದು ಬಾಟಲಿ ದ್ರವ. ಅದು ಮುಗಿದರೆ ಮುಂದಿನದು ನೀವೇ ಕೊಂಡುಕೊಳ್ಳಿ ಅಂದರು. ಎರಡೂ ಗುಂಪಿನವರಿಗೂ ಕಡಿಮೆ ಅಂದರೆ ನಾಲ್ಕು ವಾರ, ವಾರಕ್ಕೊಮ್ಮೆ ಸಮಾಲೋಚಕರ ಜೊತೆ ಮಾತುಕತೆ ಇತ್ತು. ವರ್ಷದ ಕೊನೆಗೆ ಇ-ಸಿಗರೇಟ್ ಗುಂಪಿನಲ್ಲಿ 18% ಜನ ಸಿಗರೇಟ್ ಬಿಟ್ಟಿದ್ದರು. ಇನ್ನೊಂದರಲ್ಲಿ 9.9%.

ಹತ್ತಿರಹತ್ತಿರ ಎರಡು ಪಟ್ಟು. ಸುದ್ದಿಯಾಗಿದ್ದೂ ಇದೇ. ಆದರೆ ಅದೇ ಅಂಕಿಯನ್ನು ಆ ಕಡೆಯಿಂದ ನೋಡಿ. ಕೈಗೆ ಸಾಧನ ಕೊಟ್ಟು, ವಾರವಾರ ಕೂರಿಸಿಕೊಂಡು ಮಾತಾಡಿದರೂ ನೂರಕ್ಕೆ 82 ಜನರಿಗೆ ಬಿಡಲು ಆಗಲಿಲ್ಲ. ಇದನ್ನು ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಅಣ್ಣನಿಗೆ ಮೊದಲ ಸಲಕ್ಕೇ ಆಗದೆ ಹೋದರೆ ‘ನಿನಗೆ ಮನಸ್ಸಿಲ್ಲ’ ಅಂತ ಯಾರೂ ಅನ್ನಬಾರದು, ಅದಕ್ಕೇ ಹೇಳಿದೆ. ನಿಕೋಟಿನ್ ಚಟ ಅಷ್ಟು ಗಟ್ಟಿ.

ಇವರು ಬಿಟ್ಟಿದ್ದಾರೆ ಅಂತ ಗೊತ್ತಾಗಿದ್ದು ಹೇಗೆ? ಬರೀ ಬಾಯಿಮಾತನ್ನು ನಂಬಲಿಲ್ಲ, ಉಸಿರು ಊದಿಸಿ ನೋಡಿದರು. ನಾನು ದಿನಾ ಬಳಸುವ ಉಪಕರಣವೂ ಅದೇ. ಉಸಿರು ಎಳೆದು 15 ಸೆಕೆಂಡು ಹಿಡಿದುಕೊಳ್ಳಬೇಕು. ಆಮೇಲೆ ಕೊಳವೆಗೆ ನಿಧಾನವಾಗಿ, ಎದೆ ಖಾಲಿಯಾಗುವವರೆಗೆ ಊದಬೇಕು. ಪರದೆಯ ಮೇಲೆ ಒಂದು ಅಂಕಿ ಬರುತ್ತದೆ. ಅದು ಉಸಿರಿನಲ್ಲಿರುವ ಕಾರ್ಬನ್ ಮಾನಾಕ್ಸೈಡ್. ತಂಬಾಕು ಸುಟ್ಟಾಗ ಈ ಅನಿಲ ಹುಟ್ಟಿ ರಕ್ತಕ್ಕೆ ಸೇರುತ್ತದೆ. ಇ-ಸಿಗರೇಟಿನಲ್ಲಿ ಏನೂ ಸುಡುವುದಿಲ್ಲ, ದ್ರವ ಕಾದು ಆವಿಯಾಗುತ್ತದೆ. ಹಾಗಾಗಿ ಸಿಗರೇಟ್ ಪೂರ್ತಿ ಬಿಟ್ಟು ಬರೀ ಇ-ಸಿಗರೇಟ್ ಎಳೆಯುವವರ ಅಂಕಿ ಒಂದೆರಡು ದಿನದಲ್ಲೇ ಸೇದದವರ ಮಟ್ಟಕ್ಕೆ ಇಳಿಯುತ್ತದೆ. ಹಾಯೆಕ್ ಅವರ ತಂಡ ಈ ಅಂಕಿ 8 ಪಿಪಿಎಂಗಿಂತ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 8 ಭಾಗ) ಕಡಿಮೆ ಇದ್ದರೆ ಮಾತ್ರ ‘ಬಿಟ್ಟಿದ್ದಾರೆ’ ಅಂತ ಬರೆದುಕೊಂಡಿತು. ಸಂಪರ್ಕಕ್ಕೆ ಸಿಗದೆ ಹೋದವರನ್ನು ಸೇದುವವರ ಪಟ್ಟಿಗೇ ಸೇರಿಸಿತು. ಇಷ್ಟು ಕಟ್ಟುನಿಟ್ಟಾಗಿ ಎಣಿಸಿದ್ದರಿಂದಲೇ ಆ 18%ಕ್ಕೆ ಬೆಲೆ.

ಈ ಯಂತ್ರ ನನಗೆ ಇನ್ನೊಂದು ವಿಷಯವನ್ನೂ ಕಣ್ಣಾರೆ ತೋರಿಸಿದೆ. ‘ಅರ್ಧಕ್ಕರ್ಧ ಕಡಿಮೆ ಮಾಡಿದ್ದೀನಿ’ ಅನ್ನುತ್ತಾ ಬಂದವರು ಊದಿದರೆ ಅಂಕಿ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ. ಪಾಪ, ಅವರು ಸುಳ್ಳು ಹೇಳುತ್ತಿರುವುದಿಲ್ಲ. ಸಿಗರೇಟಿನ ಲೆಕ್ಕ ಕಡಿಮೆಯಾದಾಗ ಒಂದೊಂದು ದಮ್ಮನ್ನೂ ಜೋರಾಗಿ, ಆಳವಾಗಿ ಎಳೆಯುತ್ತಾರೆ, ತುದಿಯವರೆಗೂ ಬಿಡುವುದಿಲ್ಲ. ಚಟಕ್ಕೆ ಬಿದ್ದ ದೇಹ ತನಗೆ ಬೇಕಾದ ನಿಕೋಟಿನ್ನನ್ನು ಹೇಗಾದರೂ ವಸೂಲಿ ಮಾಡಿಕೊಳ್ಳುತ್ತದೆ.

ಒಂದೇ ಅಧ್ಯಯನದ ಮೇಲೆ ತೀರ್ಮಾನಕ್ಕೆ ಬರುವುದು ಬೇಡ, ಅಲ್ವಾ? ಕಾಕ್ರೇನ್ ಎಂಬ ಸಂಸ್ಥೆ ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ ತೂಗಿ ನೋಡುತ್ತದೆ, ಹೊಸವು ಬಂದಂತೆ ಸೇರಿಸುತ್ತಾ ಹೋಗುತ್ತದೆ. 2024ರ ಜನವರಿಯ ವರದಿಯಲ್ಲಿ 88 ಅಧ್ಯಯನಗಳಿದ್ದವು, ಒಟ್ಟು 27 ಸಾವಿರಕ್ಕೂ ಹೆಚ್ಚು ಜನ. ಅದರ ಪ್ರಕಾರ ನಿಕೋಟಿನ್ ಇರುವ ಇ-ಸಿಗರೇಟ್ ಬಳಸಿದ ನೂರು ಜನರಲ್ಲಿ 8ರಿಂದ 10 ಜನ ಬಿಡಬಹುದು. ಪ್ಯಾಚ್, ಗಮ್ ಬಳಸಿದ ನೂರರಲ್ಲಿ 6 ಜನ. ಏನೂ ಇಲ್ಲದೆ, ಅಥವಾ ಬರೀ ಸಲಹೆ ಪಡೆದ ನೂರರಲ್ಲಿ 4 ಜನ. ಪ್ಯಾಚ್‌ಗಿಂತ ಇದು ಮೇಲು ಅನ್ನುವ ವಿಷಯದಲ್ಲಿ ಅವರು ಕೊಟ್ಟಿರುವುದು ಅತ್ಯಂತ ಹೆಚ್ಚಿನ ಖಚಿತತೆಯ ದರ್ಜೆ. ಅದನ್ನು ಅವರು ಸುಮ್ನೆ ಯಾವುದಕ್ಕೂ ಕೊಡುವುದಿಲ್ಲ.

ಹಾಗಾದರೆ ಉಲ್ಟಾ ಹೇಳುವ ಅಧ್ಯಯನಗಳು ಎಲ್ಲಿಂದ ಬಂದವು? 2016ರಲ್ಲಿ ಅಮೆರಿಕದ ಸಾರಾ ಕಲ್ಖೊರಾನ್ ಮತ್ತು ಸ್ಟಾಂಟನ್ ಗ್ಲಾಂಟ್ಜ್ ಆಗಿನವರೆಗಿನ ಅಧ್ಯಯನಗಳನ್ನು ಒಟ್ಟುಮಾಡಿ, ಇ-ಸಿಗರೇಟ್ ಬಳಸುವವರಲ್ಲಿ ಸಿಗರೇಟ್ ಬಿಡುವ ಸಾಧ್ಯತೆ 28% ಕಡಿಮೆ ಅಂತ ಬರೆದರು. ಅದರಲ್ಲಿ ಹೆಚ್ಚಿನವು ಜನರನ್ನು ಗುಂಪು ಮಾಡಿ ಸಾಧನ ಕೊಟ್ಟು ನೋಡಿದವಲ್ಲ. ತಮ್ಮಷ್ಟಕ್ಕೆ ತಾವು ಸೇದುತ್ತಿದ್ದವರನ್ನು ದೂರದಿಂದ ಗಮನಿಸಿದವು. ಇಲ್ಲಿ ಒಂದು ತೊಡಕಿದೆ. ‘ಸಿಗರೇಟ್ ಸೇದುತ್ತೀರಾ? ಇ-ಸಿಗರೇಟ್ ಬಳಸಿದ್ದೀರಾ?’ ಎಂದು ಇವತ್ತು ಕೇಳಿದರೆ, ಹೋದ ವರ್ಷವೇ ಇ-ಸಿಗರೇಟ್‌ನಿಂದ ಸಿಗರೇಟ್ ಬಿಟ್ಟವರು ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಉಳಿದಿರುವುದು ಪ್ರಯತ್ನ ಪಟ್ಟೂ ಬಿಡಲಾಗದವರು. ಜೊತೆಗೆ ಚಟ ಜೋರಾಗಿದ್ದವರೇ ಇಂಥ ಸಾಧನದ ಮೊರೆ ಹೋಗುವುದು ಹೆಚ್ಚು. ಬಿಡಬೇಕೆಂಬ ಉದ್ದೇಶವೇ ಇಲ್ಲದೆ, ಸಿಗರೇಟ್ ಸೇದಲಾಗದ ಕಡೆ ಇದನ್ನು ಎಳೆಯುವವರೂ ಅದೇ ಲೆಕ್ಕಕ್ಕೆ ಬರುತ್ತಾರೆ. ಆದರೂ ಆ ಅಧ್ಯಯನಗಳನ್ನು ನಾನು ತಳ್ಳಿಹಾಕುವುದಿಲ್ಲ. ಯೋಜನೆಯಿಲ್ಲದೆ, ಯಾರ ನೆರವೂ ಇಲ್ಲದೆ ಕೈಗೆ ತೆಗೆದುಕೊಂಡರೆ ಏನಾಗುತ್ತದೆ ಅನ್ನುವುದನ್ನು ಅವು ತೋರಿಸುತ್ತವೆ. ಅಣ್ಣನ ಯೋಚನೆ ಈ ಎರಡರಲ್ಲಿ ಯಾವುದರ ಹಾಗಿದೆ ಅಂತ ಕೇಳಿ ನೋಡಿ.

ಪ್ರಯೋಗಗಳಲ್ಲೂ ಕೊರತೆಗಳಿವೆ. ತನಗೆ ಸಿಕ್ಕಿದ್ದು ಪ್ಯಾಚೋ ಇ-ಸಿಗರೇಟೋ ಅಂತ ಬಳಸುವವರಿಗೆ ಗೊತ್ತೇ ಇರುತ್ತದೆ, ಮುಚ್ಚಿಡಲು ಆಗುವುದಿಲ್ಲ. ಹೊಸದು ಸಿಕ್ಕವರ ಉತ್ಸಾಹವೂ ಫಲಿತಾಂಶಕ್ಕೆ ಸೇರಿಕೊಂಡಿರಬಹುದು. ಸಾಧನಗಳೂ ಬದಲಾಗುತ್ತಿರುತ್ತವೆ. 2013ರ ನ್ಯೂಜಿಲೆಂಡ್ ಪ್ರಯೋಗದಲ್ಲಿ ಇ-ಸಿಗರೇಟ್‌ನಿಂದ 7.3%, ಪ್ಯಾಚ್‌ನಿಂದ 5.8% ಜನ ಬಿಟ್ಟಿದ್ದರು. ವ್ಯತ್ಯಾಸ ಇದೆ ಅಂತ ಹೇಳಲೇ ಆಗದಷ್ಟು ಹತ್ತಿರ. ಆಗಿನ ಸಾಧನಗಳು ದೇಹಕ್ಕೆ ತಲುಪಿಸುತ್ತಿದ್ದ ನಿಕೋಟಿನ್ನೇ ಕಡಿಮೆ.

ಈಗ ಅಣ್ಣನ ‘ಆಮೇಲೆ ಅದನ್ನೂ ಬಿಡುತ್ತೇನೆ’ ಅನ್ನುವ ಮಾತಿಗೆ ಬರೋಣ. ಹಾಯೆಕ್ ಅವರ ಪ್ರಯೋಗದಲ್ಲಿ ಇ-ಸಿಗರೇಟ್‌ನಿಂದ ಸಿಗರೇಟ್ ಬಿಟ್ಟವರಲ್ಲಿ 80% ಜನ ವರ್ಷದ ನಂತರವೂ ಇ-ಸಿಗರೇಟ್ ಬಳಸುತ್ತಲೇ ಇದ್ದರು. ಇನ್ನೊಂದು ಗುಂಪಿನಲ್ಲಿ ಬಿಟ್ಟವರಲ್ಲಿ ಪ್ಯಾಚ್, ಗಮ್ ಮುಂದುವರಿಸಿದವರು 9% ಮಾತ್ರ. 2024ರಲ್ಲಿ ಬಂದ ಸ್ವಿಟ್ಜರ್ಲೆಂಡಿನ ಅಧ್ಯಯನ ಇದನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. 1,246 ಜನ. ಸಲಹೆಯ ಜೊತೆ ಇ-ಸಿಗರೇಟ್ ಸಿಕ್ಕವರಲ್ಲಿ 28.9% ಜನ ಆರು ತಿಂಗಳೂ ಸತತವಾಗಿ ಸಿಗರೇಟ್ ಬಿಟ್ಟಿದ್ದರು. ಇ-ಸಿಗರೇಟ್ ಇಲ್ಲದ ಗುಂಪಿನಲ್ಲಿ 16.3%. ಆದರೆ ಆರನೇ ತಿಂಗಳ ಭೇಟಿಗೆ ಮುಂಚಿನ ಏಳು ದಿನ ಯಾವ ರೂಪದ ನಿಕೋಟಿನ್ನನ್ನೂ ಮುಟ್ಟದವರನ್ನು ಎಣಿಸಿದರೆ ಲೆಕ್ಕ ತಿರುವುಮುರುವು. ಇ-ಸಿಗರೇಟ್ ಗುಂಪಿನಲ್ಲಿ 20.1%, ಇನ್ನೊಂದರಲ್ಲಿ 33.7%.

ಅಂದರೆ ಇ-ಸಿಗರೇಟ್ ಸಿಗರೇಟನ್ನು ಬಿಡಿಸುತ್ತದೆ, ನಿಕೋಟಿನ್ ಚಟವನ್ನು ಬಿಡಿಸುವುದು ಕಡಿಮೆ. ಇದು ಸೋಲಾ? ನನ್ನ ಪ್ರಕಾರ ಅಲ್ಲ. ಸೇದುವವರನ್ನು ಕ್ಯಾನ್ಸರಿಗೆ, ಶ್ವಾಸಕೋಶದ ಕಾಯಿಲೆಗೆ ದೂಡುವುದು ಮುಖ್ಯವಾಗಿ ಸುಟ್ಟ ಹೊಗೆಯಲ್ಲಿರುವ ಟಾರ್ ಮತ್ತು ಇತರ ವಿಷಗಳು, ಅವರನ್ನು ಕಟ್ಟಿಹಾಕುವುದು ನಿಕೋಟಿನ್. ಬ್ರಿಟನ್ನಿನ ಮನೋವೈದ್ಯ ಮೈಕಲ್ ರಸೆಲ್ 1976ರಲ್ಲೇ ಇದನ್ನು ಬರೆದಿದ್ದರು. ಹೊಗೆ ನಿಂತರೆ ಅದೇ ದೊಡ್ಡ ಗೆಲುವು. ಆದರೆ ಅಣ್ಣ ಮೊದಲೇ ಒಂದು ಕೊನೆಯ ದಿನಾಂಕ ಇಟ್ಟುಕೊಂಡು, ನಿಕೋಟಿನ್ ಬಲವನ್ನು ಹಂತಹಂತವಾಗಿ ಇಳಿಸದಿದ್ದರೆ ‘ಆಮೇಲೆ’ ತಾನಾಗೇ ಬರುವುದಿಲ್ಲ.

ಎರಡನ್ನೂ ಒಟ್ಟಿಗೆ ಬಳಸುವುದು ಯಾಕೆ ಬೇಡ ಅಂತ ಕೇಳಬಹುದು. 2017ರಲ್ಲಿ ಬ್ರಿಟನ್ನಿನಲ್ಲಿ ಮೂತ್ರ, ಜೊಲ್ಲು ಪರೀಕ್ಷೆ ಮಾಡಿ ನೋಡಿದರು. ಬರೀ ಇ-ಸಿಗರೇಟ್ ಬಳಸುತ್ತಿದ್ದ ಮಾಜಿ ಧೂಮಪಾನಿಗಳಲ್ಲಿ ತಂಬಾಕಿನ ಒಂದು ಮುಖ್ಯ ಕ್ಯಾನ್ಸರ್‌ಕಾರಕದ ಕುರುಹು ಸಿಗರೇಟ್ ಸೇದುವವರಿಗಿಂತ 97% ಕಡಿಮೆ ಇತ್ತು. ಎರಡನ್ನೂ ಬಳಸುವವರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಹೃದಯದ ವಿಷಯದಲ್ಲಂತೂ ‘ದಿನಕ್ಕೆ ಒಂದೇ’ ಅನ್ನುವ ಸಮಾಧಾನವೂ ಇಲ್ಲ. 2018ರ ಒಂದು ದೊಡ್ಡ ವಿಶ್ಲೇಷಣೆಯ ಪ್ರಕಾರ ದಿನಕ್ಕೆ 20 ಸೇದುವವರಿಗೆ ಹೃದ್ರೋಗದ ಅಪಾಯ ಎಷ್ಟು ಏರುತ್ತದೋ, ಅದರ ಅರ್ಧದಷ್ಟು ಒಂದೇ ಒಂದು ಸೇದುವವರಿಗೂ ಏರುತ್ತದೆ.

ಹಾಗಂತ ಇ-ಸಿಗರೇಟ್ ನಿರಪಾಯ ಅಂದುಕೊಳ್ಳಬೇಡಿ. ಗಂಟಲು ಕೆರೆತ, ಕೆಮ್ಮು, ತಲೆನೋವು ಸಾಮಾನ್ಯ. ಹತ್ತಿಪ್ಪತ್ತು ವರ್ಷ ಎಳೆದರೆ ಶ್ವಾಸಕೋಶ ಏನಾಗುತ್ತದೆ ಅನ್ನುವ ಲೆಕ್ಕ ಇನ್ನೂ ಬಂದಿಲ್ಲ. 2019ರಲ್ಲಿ ಅಮೆರಿಕದಲ್ಲಿ ಶ್ವಾಸಕೋಶ ಹಾನಿಯಾಗಿ ಜನ ಸತ್ತ ಸುದ್ದಿ ನೀವೂ ಓದಿರುತ್ತೀರಿ. 2020ರ ಫೆಬ್ರವರಿ ಹೊತ್ತಿಗೆ 2,807 ಪ್ರಕರಣ, 68 ಸಾವು. ಅದಕ್ಕೆ ಮುಖ್ಯ ಕಾರಣವಾಗಿ ಕಂಡಿದ್ದು ಗಾಂಜಾದ ಅಂಶವಿದ್ದ ದ್ರವಗಳಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ಎಲ್ಲಿಂದ ಬಂತೋ ಗೊತ್ತಿಲ್ಲದ ದ್ರವವನ್ನು ಮುಟ್ಟಬೇಡಿ ಅನ್ನುವುದು ಅದಕ್ಕೇ. ಇನ್ನು, ಸಿಗರೇಟ್ ಸೇದದವರು, ಅದರಲ್ಲೂ ಹದಿಹರೆಯದವರು ಇದನ್ನು ಹಿಡಿಯಲು ಒಂದೇ ಒಂದು ಕಾರಣವೂ ಇಲ್ಲ. ಮನೆಯಲ್ಲಿ ಮಕ್ಕಳಿದ್ದರೆ ದ್ರವದ ಬಾಟಲಿ ಅವರ ಕೈಗೆ ಸಿಗದಂತೆ ಇಡಬೇಕು, ನುಂಗಿದರೆ ವಿಷ.

ಕಾನೂನೂ ಎಲ್ಲೆಡೆ ಒಂದೇ ಥರ ಇಲ್ಲ. ಬ್ರಿಟನ್ 2023ರಲ್ಲಿ ಹತ್ತು ಲಕ್ಷ ಧೂಮಪಾನಿಗಳಿಗೆ ಇ-ಸಿಗರೇಟ್ ಕಿಟ್ ಕೊಡುವ ಯೋಜನೆ ಘೋಷಿಸಿತು. ಭಾರತ, ಸಿಂಗಪುರ, ಥಾಯ್ಲೆಂಡ್‌ಗಳಲ್ಲಿ ಮಾರಾಟವೇ ನಿಷೇಧ. ಅಂಥ ಕಡೆ ಇದ್ದರೆ ಈ ದಾರಿ ಬಿಡಿ, ಕದ್ದು ತರಿಸಿದ ಸಾಧನದಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಬೇರೆ ದಾರಿಯೇ ಇಲ್ಲ ಅಂತೇನೂ ಇಲ್ಲ. ಫಿನ್ಲೆಂಡಿನ ಒಂದು ಪ್ರಯೋಗದಲ್ಲಿ ವೇರೆನಿಕ್ಲಿನ್ ಎಂಬ ಮಾತ್ರೆಯನ್ನೂ ಇ-ಸಿಗರೇಟನ್ನೂ ಹೋಲಿಸಿದರು. ಆರು ತಿಂಗಳಿಗೆ ಮಾತ್ರೆ ತೆಗೆದುಕೊಂಡವರಲ್ಲಿ 43.8%, ಇ-ಸಿಗರೇಟ್ ಬಳಸಿದವರಲ್ಲಿ 40.4% ಜನ ಬಿಟ್ಟಿದ್ದರು. ಸರಿಸಮ ಅನ್ನಬಹುದು. ವಿಶ್ವ ಆರೋಗ್ಯ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೆಸರಿಸಿದ್ದು ವೇರೆನಿಕ್ಲಿನ್, ನಿಕೋಟಿನ್ ಪ್ಯಾಚ್ ಮತ್ತು ಗಮ್‌ನಂಥವು, ಬುಪ್ರೊಪಿಯಾನ್, ಸೈಟಿಸಿನ್ ಎಂಬ ಇನ್ನೆರಡು ಮಾತ್ರೆಗಳು. ಇ-ಸಿಗರೇಟ್ ಆ ಪಟ್ಟಿಯಲ್ಲಿಲ್ಲ. ನನ್ನ ಬಳಿ ಬರುವವರಿಗೆ ನಾನು ಮೊದಲು ಹೇಳುವುದೂ ಇವನ್ನೇ: ವೈದ್ಯರನ್ನು ಕಂಡು ಮಾತ್ರೆ, ಇಲ್ಲವೇ ಪ್ಯಾಚ್ ಜೊತೆಗೆ ಗಮ್. ಪ್ಯಾಚ್ ದಿನವಿಡೀ ನಿಕೋಟಿನ್ನನ್ನು ಒಂದೇ ಮಟ್ಟದಲ್ಲಿ ಇಡುತ್ತದೆ, ತಡೆಯಲಾಗದ ಆಸೆ ಬಂದಾಗ ಗಮ್ ಕೈಹಿಡಿಯುತ್ತದೆ. ಬಹಳಷ್ಟು ಜನ ಬರೀ ಒಂದನ್ನು, ಅದೂ ಕಡಿಮೆ ಬಲದ್ದನ್ನು, ಅದೂ ಎರಡೇ ವಾರ ಬಳಸಿ ‘ಆಗಲಿಲ್ಲ’ ಅಂತ ಕೈಬಿಡುತ್ತಾರೆ.

ಅಣ್ಣನಿಗೆ ಒಂದು ಪ್ರಶ್ನೆ ಕೇಳಿ: ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟ್ ಹಚ್ಚುತ್ತಾರೆ? ಅರ್ಧ ಗಂಟೆಯೊಳಗೆ ಅಂದರೆ ಚಟ ಜೋರಾಗಿದೆ. ಗಮ್ ಆದರೆ 2 ಮಿಲಿಗ್ರಾಂ ಸಾಲದು, 4 ಮಿಲಿಗ್ರಾಂದು ಬೇಕು. ಇ-ಸಿಗರೇಟೇ ಆದರೂ ನಿಕೋಟಿನ್ ಬಲ ಕಡಿಮೆ ಇದ್ದರೆ ಮೂರೇ ದಿನಕ್ಕೆ ವಾಪಸ್ ಸಿಗರೇಟಿಗೆ ಹೋಗುತ್ತಾರೆ. ಅವರು ಏನು ಹೇಳಿದರು ಅಂತ ಇಲ್ಲೇ ಬರೆಯಿರಿ. ಹಿಂದೆ ಏನೇನು ಪ್ರಯತ್ನ ಮಾಡಿದ್ದರು, ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದಾರಾ, ಹೃದಯದ ತೊಂದರೆ ಇದೆಯಾ ಅನ್ನುವುದನ್ನೂ ತಿಳಿಸಿ. ವೈದ್ಯರ ಹತ್ತಿರ ಹೋಗುವ ಮುಂಚೆ ಏನೇನು ಕೇಳಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ.