ಪೆನೆಡೆಸ್ ಬಿಳಿ ವೈನ್: ಆ ಮೂರೂ ದ್ರಾಕ್ಷಿಯ ಹೆಸರೇ

ಬಾರ್ಸಿಲೋನಾದಿಂದ ಬಂದ ಬಾಟಲಿ ಮೇಲೆ ಶರೆಲ್ಲೊ, ಮಕಬೆಯೊ, ಪರೆಯಾಡ ಅಂತಿದೆ, ಇದರಲ್ಲಿ ಗುಳ್ಳೆ ಬರುತ್ತಾ ಅಂತ ಕೇಳಿದ್ದೀರಿ. ಮೂರೂ ಸ್ಪೇನ್‌ನ ಕ್ಯಾಟಲೋನಿಯಾದ ಪೆನೆಡೆಸ್ ಕಡೆ ಹಿಂದಿನಿಂದಲೂ ಬೆಳೆಯುವ ಬಿಳಿ ದ್ರಾಕ್ಷಿ. ಕಾವಾ ಅನ್ನೋ ಗುಳ್ಳೆ ವೈನಿಗೂ ಮುಖ್ಯವಾಗಿ ಇವೇ ಬೇಕು. ಆದರೆ ಅದನ್ನು ಬಾಟಲಿಯೊಳಗೇ ಎರಡನೇ ಸಲ ಹುದುಗು ಬರಿಸುತ್ತಾರೆ, ಗುಳ್ಳೆ ಬರೋದು ಅದರಿಂದಲೇ. ಆ ಒತ್ತಡಕ್ಕೆ ಹಾರದಂತೆ ಕಾರ್ಕಿಗೆ ತಂತಿ ಕಟ್ಟಿರುತ್ತಾರೆ. ನಿಮ್ಮ ಬಾಟಲಿಯ ಕಾರ್ಕಿಗೆ ತಂತಿ ಕಟ್ಟಿಲ್ಲ ಅಂದಿರಲ್ಲ, ಹಾಗಾದರೆ ಅದು ಗುಳ್ಳೆಯಿಲ್ಲದ ಮಾಮೂಲಿ ವೈನ್.

ನನ್ನ ಪ್ರಕಾರ ಇದರ ಜೀವ ಶರೆಲ್ಲೊ. ನಾಲಿಗೆಯ ಎರಡೂ ಬದಿ ಚುರ್ ಅನ್ನಿಸುವ ಹುಳಿ, ಸೋಂಪಿನ ತರಹದ ಸಣ್ಣ ವಾಸನೆ, ಕೊನೆಯಲ್ಲಿ ಸ್ವಲ್ಪ ಕಹಿ, ಎಲ್ಲ ಅದರದ್ದೇ. ಪರೆಯಾಡ ಎತ್ತರದ ತೋಟಗಳಲ್ಲಿ ನಿಧಾನವಾಗಿ ಹಣ್ಣಾಗುತ್ತೆ. ಹಗುರ, ಹೂವಿನ ಪರಿಮಳ. ಮಕಬೆಯೊ ಸೌಮ್ಯ, ಸೇಬಿನ ರುಚಿ. ಸ್ಪೇನ್‌ನ ಇನ್ನೊಂದು ವೈನ್ ಪ್ರದೇಶ ರಿಯೋಹಾದಲ್ಲಿ ಇದನ್ನೇ ವಿಯೂರಾ ಅಂತಾರೆ.

ಇಟ್ಟು ಕಾಯಬೇಡಿ, ಇಂಥದ್ದು ಹೊಸದಾಗಿದ್ದಾಗಲೇ ಚೆನ್ನ. 8ರಿಂದ 10 ಡಿಗ್ರಿ ಸಾಕು. ಫ್ರಿಜ್‌ನಿಂದ ತೆಗೆದು ಹತ್ತು ನಿಮಿಷ ಬಿಟ್ಟು ಕುಡಿಯಿರಿ, ತೀರಾ ತಣ್ಣಗಿದ್ದರೆ ಪರಿಮಳವೇ ಗೊತ್ತಾಗಲ್ಲ. ಅಲ್ಲಿನವರು ಸುಟ್ಟ ಮೀನು, ಸಿಗಡಿ ಜೊತೆ ಕುಡಿಯುತ್ತಾರೆ. ನೀವು ಕೇಳಿದ ಬಂಗಡೆ ಫ್ರೈಗೂ ನಡೆಯುತ್ತೆ, ಖಾರ ಮಾತ್ರ ಜಾಸ್ತಿ ಬೇಡ.