ಬಿಸಿ ಸಾಂಬಾರ್, ಪ್ಲಾಸ್ಟಿಕ್ ಡಬ್ಬಿ, ವೀರ್ಯಾಣು ಎಣಿಕೆ

ರಿಪೋರ್ಟ್‌ನಲ್ಲಿ ವೀರ್ಯಾಣು ಕಡಿಮೆ ಬಂದಿದೆ, ಆಫೀಸಿನಲ್ಲಿ ದಿನಾ ಪ್ಲಾಸ್ಟಿಕ್ ಡಬ್ಬಿಯಲ್ಲೇ ಊಟ ಬಿಸಿ ಮಾಡುವುದು ಕಾರಣವಾ ಅಂತ ಕೇಳಿದ್ದೀರಿ. ಅದೊಂದೇ ಅಂತ ಹೇಳೋಕಾಗಲ್ಲ ಸಾರ್. ಆದರೆ ನಿಮ್ಮ ಅನುಮಾನ ಸುಮ್ನೆ ಅಲ್ಲ. ಪಾಲಿಕಾರ್ಬೊನೇಟ್ ಅನ್ನೋ ಗಟ್ಟಿ ಪ್ಲಾಸ್ಟಿಕ್‌ನಲ್ಲಿರುವ ಬಿಪಿಎ ಎಂಬ ರಾಸಾಯನಿಕ ಮೈಯೊಳಗೆ ಹೆಣ್ಣು ಹಾರ್ಮೋನ್ ಈಸ್ಟ್ರೋಜನ್‌ನ ವೇಷ ಹಾಕುತ್ತದೆ. ಪ್ಲಾಸ್ಟಿಕ್ ಮೆತ್ತಗಾಗಲು ಬೆರೆಸುವ ಥಾಲೇಟ್ ಎಂಬ ರಾಸಾಯನಿಕಗಳಲ್ಲಿ ಕೆಲವು ಗಂಡು ಹಾರ್ಮೋನ್ ಟೆಸ್ಟೋಸ್ಟಿರಾನ್‌ಗೆ ಅಡ್ಡ ಬರುತ್ತವೆ. ಬಿಸಿಯೂ ಎಣ್ಣೆಯೂ ಸೇರಿದರೆ ಇವು ಜಾಸ್ತಿ ಸೋರುತ್ತವೆ. ಒಗ್ಗರಣೆ ಹಾಕಿದ ಸಾಂಬಾರಿನಲ್ಲಿ ಎರಡೂ ಇವೆ, ಅಲ್ವಾ?

ನನ್ನ ಹಳೇ ಡಬ್ಬಿ ಒಳಗೆಲ್ಲ ಅರಿಶಿನದ ಹಳದಿ ಹಿಡಿದು, ಗೀರು ಬಿದ್ದಿತ್ತು. ಎಸೆದು ಸ್ಟೀಲ್ ತಗೊಂಡೆ. ಬಿಸಿ ಮಾಡಲು ಗಾಜಿನ ಬಟ್ಟಲು. ‘ಬಿಪಿಎ ಫ್ರೀ’ ಅಂತ ಬರೆದಿದ್ದರೂ ಮರುಳಾಗಬೇಡಿ, ಕೆಲವದರಲ್ಲಿ ಅದರದೇ ಜಾತಿಯ ತಮ್ಮ ಬಿಪಿಎಸ್ ಕೂತಿರುತ್ತದೆ.

ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. 3 ತಿಂಗಳು ಬಿಟ್ಟು ಮತ್ತೆ ಟೆಸ್ಟ್ ಮಾಡಿಸಿ. ಡಾಕ್ಟರ್ ಹತ್ತಿರ ಮಾತ್ರ ಈಗಲೇ ಹೋಗಿ, ವೆರಿಕೋಸೀಲ್, ಅಂದರೆ ವೃಷಣದ ಚೀಲದೊಳಗಿನ ರಕ್ತನಾಳಗಳ ಊತ, ಇದೆಯಾ ಅಂತ ಕೇಳಿ.