ಅಗಳಿನ ಬದಿಯಲ್ಲಿ ಕೂತವರು

ಬದಿಯಡ್ಕದ ನಿವೃತ್ತ ಮಾಸ್ಟ್ರೊಬ್ಬರ ಪತ್ರ: "ಹೋದ ಸಂಚಿಕೆಯಲ್ಲಿ ಇಥಿಯೋಪಿಯಾ-ಎರಿಟ್ರಿಯಾ ಗಡಿಯಲ್ಲಿದ್ದ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯನ್ನು ಹೊಗಳಿದ್ದೀರಿ. ಎಂಟು ವರ್ಷ ಕೂತು ಅವರು ಕಡಿದು ಕಟ್ಟೆ ಹಾಕಿದ್ದೇನು? ಗಡಿ ಆಯೋಗದ ತೀರ್ಪನ್ನು ಯಾರೂ ಕೇಳಲಿಲ್ಲ. ನಮ್ಮ ಮಹಾಜನ ವರದಿಯ ಗತಿಯೇ ಅಲ್ಲವೇ? ಪಡೆ ಮುಗಿದದ್ದು 2007ರಲ್ಲಿ ಎಂದು ಅಚ್ಚಾಗಿದೆ, ಸರಿಯೇ?"

ಮಾಸ್ಟ್ರೇ, ನಮಸ್ಕಾರ.

ನಮ್ಮ ನೆರೆಯಲ್ಲಿ ಅಣ್ಣತಮ್ಮಂದಿರಿಬ್ಬರ ಅಡಿಕೆ ತೋಟದ ನಡುವಿನ ಅಗಳಿಗಾಗಿ ಕತ್ತಿ ಎತ್ತುವವರೆಗೆ ಹೋಗಿತ್ತು. ಸರ್ವೆಯವರು ಬರುವ ತನಕ ಊರ ಹಿರಿಯರೊಬ್ಬರು ದಿನಾ ಬೆಳಿಗ್ಗೆ ಅಗಳಿನ ಬದಿಯ ಮಾವಿನ ಬುಡದಲ್ಲಿ ಎಲೆಯಡಿಕೆ ಸಂಚಿ ಬಿಚ್ಚಿ ಕೂರುತ್ತಿದ್ದರು. ಕೈಯಲ್ಲಿ ಕೋಲೂ ಇಲ್ಲ. ಚಾ ಬರುತ್ತಿದ್ದುದು ಅಣ್ಣನ ಮನೆಯಿಂದ. ಒಂದು ದಿನ ಚಾ ನಿಂತಿತು. ನಾಲ್ಕನೆಯ ದಿನ ಹಿರಿಯರು ಸಂಚಿ ಕಟ್ಟಿಕೊಂಡು ಮನೆಗೆ ನಡೆದರು.

ಅಲ್ಲಿ ಆದದ್ದೂ ಇದೇ. 1998ರ ಮೇ ತಿಂಗಳಲ್ಲಿ ಬಾದ್ಮೆ ಎಂಬ ಧೂಳಿನ ಸಣ್ಣ ಊರಿಗಾಗಿ ಹತ್ತಿದ ಯುದ್ಧ ಎರಡು ವರ್ಷದಲ್ಲಿ ಹತ್ತಾರು ಸಾವಿರ ಜನರನ್ನು ನುಂಗಿತು. 2000ದ ಡಿಸೆಂಬರಿನಲ್ಲಿ ಅಲ್ಜಿಯರ್ಸ್‌ನಲ್ಲಿ ಒಪ್ಪಂದವಾಯಿತು. ಎರಡು ಸೇನೆಗಳ ನಡುವೆ 25 ಕಿಲೋಮೀಟರ್ ಅಗಲದ ಪಟ್ಟಿ. ತಲಪಾಡಿಯಿಂದ ಕುಂಬಳೆಗೆ ಬಂದಷ್ಟು ಅಂದುಕೊಳ್ಳಿ. ಪಟ್ಟಿ ಪೂರ್ತಿ ಎರಿಟ್ರಿಯಾದ ನೆಲದಲ್ಲೇ. ಅದನ್ನು ಕಾಯಲು ಹೆಚ್ಚೆಂದರೆ 4,200 ಸೈನಿಕರು. ಅವರಲ್ಲಿ ನಮ್ಮ ಭಾರತದ ತುಕಡಿಯೂ ಇತ್ತು, 2004ರಿಂದ ಪಡೆಯ ಮುಖ್ಯಸ್ಥರಾಗಿದ್ದವರು ಮೇಜರ್ ಜನರಲ್ ರಾಜೇಂದರ್ ಸಿಂಗ್. ಗಡಿ ಗುರುತಿಸುವುದು ಇವರ ಕೆಲಸವಲ್ಲ, ಅದು ಒಪ್ಪಂದದಂತೆ ನೇಮಿಸಿದ ಗಡಿ ಆಯೋಗದ್ದು. ಯಾರು ಎಲ್ಲಿ ನಿಂತಿದ್ದಾರೆ, ಯಾರ ತೋಪು ಮುಂದೆ ಸರಿಯಿತು ಎಂದು ನೋಡಿ ಬರೆದಿಡುವುದು ಇವರ ಪಾಲಿಗೆ.

ಮಹಾಜನ ವರದಿಯ ಹೋಲಿಕೆ ಮಾತ್ರ ನನಗೆ ಅರ್ಧಕ್ಕೆ ಕುಂಟುತ್ತದೆ. ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡೆಲ್ಲ ಮೈಸೂರಿಗೆ (ಇಂದಿನ ಕರ್ನಾಟಕಕ್ಕೆ) ಸೇರಬೇಕು ಎಂದು 1967ರಲ್ಲಿ ಹೇಳಿದ್ದು ಶಿಫಾರಸು. ಶಿಫಾರಸನ್ನು ಕಪಾಟಿನಲ್ಲಿಡಬಹುದು, ಇಟ್ಟರು. ಆ ಸಂಕಟವನ್ನು ನಿಮಗೆ ನಾನು ಹೇಳಬೇಕಿಲ್ಲ. ಇಥಿಯೋಪಿಯಾ-ಎರಿಟ್ರಿಯಾದ್ದು ಹಾಗಲ್ಲ. ತೀರ್ಪು ಏನೇ ಬರಲಿ, ಅದೇ ಕೊನೆ ಎಂದು ಎರಡೂ ದೇಶ ಮೊದಲೇ ಸಹಿ ಹಾಕಿದ್ದವು. 2002ರ ಏಪ್ರಿಲ್ 13ರಂದು ಆಯೋಗ ಬಾದ್ಮೆಯನ್ನು ಎರಿಟ್ರಿಯಾಕ್ಕೆ ಕೊಟ್ಟಿತು. ಇಥಿಯೋಪಿಯಾ ಊರು ಬಿಡಲಿಲ್ಲ. ಒಂದೂ ಕಲ್ಲು ಹಾಕಲಾಗದೆ ಬೇಸತ್ತ ಆಯೋಗ ಅಕ್ಷಾಂಶ-ರೇಖಾಂಶಗಳ ಪಟ್ಟಿ ಕೊಟ್ಟು, ಇದೇ ಗಡಿ ಎಂದು 2007ರ ನವೆಂಬರಿನಲ್ಲಿ ಕೈತೊಳೆದುಕೊಂಡಿತು. ಕಲ್ಲಿಲ್ಲದ, ಬರೀ ಅಂಕಿಗಳ ಗಡಿ! ನಮ್ಮ ವಿಲೇಜ್ ಆಫೀಸಿನಲ್ಲಿ ಇದನ್ನು ಹೇಳಿದರೆ ನಗುತ್ತಾರೆ.

ಗೆದ್ದೂ ಊರು ಸಿಗದ ಎರಿಟ್ರಿಯಾದ ಸಿಟ್ಟು ತಿರುಗಿದ್ದು ನೀಲಿ ಟೋಪಿಯ ಶಾಂತಿಪಾಲಕರ ಮೇಲೆ. 2005ರಲ್ಲಿ ಹೆಲಿಕಾಪ್ಟರ್ ಹಾರಾಟಕ್ಕೆ ತಡೆ, ಕೊನೆಗೆ ಡೀಸೆಲ್ ಬಂದ್. ಮಾವಿನ ಬುಡಕ್ಕೆ ಚಾ ನಿಂತ ಹಾಗೆ. ಇಬ್ಬರೂ ಒಪ್ಪಿ ಕರೆಸಿಕೊಂಡ ಪಡೆಗೆ ಒಬ್ಬ ಬೇಡವೆಂದರೆ ನಿಲ್ಲಲು ನೆಲವೇ ಇಲ್ಲ.

ಹಾಗಾದರೆ ದಂಡವೇ? ನಾನು ಹಾಗೆನ್ನಲಾರೆ. ಅವರಿದ್ದ ಎಂಟು ವರ್ಷ ದೊಡ್ಡ ಯುದ್ಧ ಮತ್ತೆ ಹತ್ತಲಿಲ್ಲ. ಪಟ್ಟಿಯೊಳಗಿನ ಹಳ್ಳಿಯವರು ಮರಳಿ ಬಂದು ಬಿತ್ತಿದರು, ನೆಲಬಾಂಬುಗಳನ್ನು ತೆಗೆಯುವ ಕೆಲಸ ನಡೆಯಿತು. ರಾಜಿಯಾದದ್ದು 2018ರ ಜುಲೈಯಲ್ಲಿ, ಇಥಿಯೋಪಿಯಾದ ಹೊಸ ಪ್ರಧಾನಿ ಅಬಿ ಅಹ್ಮದ್ ಎರಿಟ್ರಿಯಾದ ರಾಜಧಾನಿ ಅಸ್ಮಾರಾಕ್ಕೆ ಹೋದಾಗ. ಅದಕ್ಕೆ 2019ರಲ್ಲಿ ನೊಬೆಲ್ ಕೂಡ ಬಂತು; ಮರುವರ್ಷವೇ ಇಥಿಯೋಪಿಯಾದ ಟಿಗ್ರೆಯಲ್ಲಿ ಬೇರೊಂದು ಯುದ್ಧ. ಆ ಕತೆ ಇನ್ನೊಮ್ಮೆ.

ಇಸವಿಯ ವಿಷಯದಲ್ಲಿ ನಿಮ್ಮ ಅನುಮಾನ ಸರಿ. 2007ರ ಡಿಸೆಂಬರಿನಲ್ಲಿ ನಿಂತದ್ದು ಡೀಸೆಲ್. ಪಡೆ ಮುಗಿದದ್ದು 2008ರ ಜುಲೈ 31ಕ್ಕೆ. ಪ್ರೂಫ್ ನೋಡಿದವನು ನಾನೇ.

— ಸಂ.